ಕಡದ ಪುಸ್ತಕದ ಹಿಂಬದಿ: ನಮ್ಮ ಹಿತ್ತಿಲ ಕೋಳಿಯ ಒಂದು ಚರಿತ್ರೆ

ಎರಡು ವರ್ಷದ ಹಿಂದೆ ನಮ್ಮ ಅಂಗಡಿಯ ಹಂಚು ಇಳಿಸಿ ಶೀಟು ಹಾಕಿಸುವಾಗ ಅಟ್ಟದಲ್ಲಿ ಒಂದು ಗೋಣಿ ಸಿಕ್ಕಿತು. ಒಳಗೆ ಉಪ್ಪ ಬರೆದಿಟ್ಟ ಹಳೆಯ ಕಡದ ಪುಸ್ತಕಗಳು. ನಮ್ಮದು ಉಪ್ಪಳದಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲಿ ಸಣ್ಣ ಜೀನಸಿನ ಅಂಗಡಿ. ಅಕ್ಕಿ, ಸಕ್ಕರೆ, ಚಾಹುಡಿ, ಸೀಮೆಎಣ್ಣೆ, ಸಾಬೂನು, ಇಷ್ಟೇ. ಪುಸ್ತಕಗಳನ್ನು ಗೆದ್ದಲು ಅರ್ಧ ತಿಂದಿತ್ತು. ಉಳಿದದ್ದರಲ್ಲಿ 1984ರದ್ದು ಒಂದು ಚೆನ್ನಾಗಿತ್ತು. ಕಾಸರಗೋಡು ಬೇರೆ ಜಿಲ್ಲೆಯಾದ ವರ್ಷವದು.

ಮುಂದಿನ ಪುಟಗಳಲ್ಲಿ ಗಂಡಸರ ಹೆಸರು. ಯಾರು ಎಷ್ಟು ಅಕ್ಕಿ ಕೊಂಡರು, ಯಾವಾಗ ಕೊಟ್ಟರು, ಎಷ್ಟು ಬಾಕಿ. ಪುಸ್ತಕವನ್ನು ತಲೆಕೆಳಗೆ ಮಾಡಿ ಹಿಂಬದಿಯಿಂದ ತೆರೆದರೆ ಬೇರೆಯೇ ಲೆಕ್ಕ. ಅಲ್ಲಿ ಜನರ ಹೆಸರಿಲ್ಲ, ಮನೆಯ ಹೆಸರು ಮಾತ್ರ: ಕೆರೆಬದಿ, ಗುಡ್ಡೆಮನೆ, ಪಡ್ಪು. ಅದರ ಎದುರು ಉಪ್ಪನ ದುಂಡು ಅಕ್ಷರದಲ್ಲಿ: "ತತ್ತಿ 6 ಜಮೆ. ಸಕ್ಕರೆ ಅರ್ಧ ಕಿಲೋ. ಬಾಕಿ 40 ಪೈಸೆ." "ಲಾಕಿ 1 ಜಮೆ. ಮಗುವಿನ ಅಂಗಿಬಟ್ಟೆಗೆ ರೊಕ್ಕ ಕೊಟ್ಟದ್ದು." ಲಾಕಿ ಎಂದರೆ ಇನ್ನೂ ಮೊಟ್ಟೆಗೆ ಬಾರದ ಹೆಣ್ಣು ಕೋಳಿ. ಹೀಗೆ ಪುಟಗಟ್ಟಲೆ.

ಉಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ ನಕ್ಕರು. "ಅದು ಹೆಂಗಸರ ಲೆಕ್ಕ. ಗಂಡಸರಿಗೆ ತೋರಿಸುವ ಕ್ರಮ ಇರಲಿಲ್ಲ" ಎಂದರು.

ಈ ಲೇಖನ ಆ ಹಿಂಬದಿಯ ಪುಟಗಳ ಬಗ್ಗೆ. ನಮ್ಮ ಬ್ಯಾರಿ ಮನೆಗಳ ಚರಿತ್ರೆ ಎಂದ ಕೂಡಲೇ ನಾವು ಹಾಯಿ ಹಡಗು, ಕರಿಮೆಣಸು, ಮಸೀದಿಯ ಹಳೆಯ ಕಂಬಗಳ ಬಗ್ಗೆ ಮಾತಾಡುತ್ತೇವೆ. ಅದೆಲ್ಲ ಸರಿಯೇ. ಆದರೆ ಅದು ಹೆಚ್ಚಾಗಿ ಗಂಡಸರ ಚರಿತ್ರೆ. ಅಡುಗೆಮನೆಯ ಹಿಂಬಾಗಿಲಿನಿಂದ ಹಿತ್ತಿಲಿಗೆ ಇಳಿದರೆ ಇನ್ನೊಂದು ಚರಿತ್ರೆ ಇದೆ. ಅದು ಕೋಳಿಗೂಡಿನಲ್ಲಿದೆ.

ಹಳದಿ ಕಾಲು ಎಲ್ಲಿಂದ ಬಂತು

ಕೋಳಿ ನಮ್ಮ ಕರಾವಳಿಗೆ ಹೊರಗಿನಿಂದ ಬಂದ ಹಕ್ಕಿ. ಅದರ ಮೂಲ ಕೆಂಪು ಕಾಡುಕೋಳಿ. ಅದನ್ನು ಮನುಷ್ಯ ಮೊದಲು ಪಳಗಿಸಿದ್ದು ಆಗ್ನೇಯ ಏಷ್ಯಾದ ಕಡೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಘಟ್ಟದ ಕಾಡಿನಲ್ಲಿ ಇರುವುದು ಅದಲ್ಲ, ಬೂದು ಕಾಡುಕೋಳಿ. ಬಾಯಾರು, ಪೆರ್ಲದ ಕಡೆಯ ಹಿರಿಯರು ಅದರ ಒಡಕು ಕೂಗನ್ನು ಕೇಳಿದವರೇ.

ಈಗ ನಿಮ್ಮ ಹಿತ್ತಿಲ ಕೋಳಿಯ ಕಾಲು ನೋಡಿ. ಬಹಳಷ್ಟು ಕೋಳಿಗಳ ಕಾಲು ಹಳದಿ. ಕೆಂಪು ಕಾಡುಕೋಳಿಯಲ್ಲಿ ಈ ಹಳದಿ ಇಲ್ಲ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಇದನ್ನು ಪರೀಕ್ಷಿಸಿ, ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ತೋರಿಸಿದರು. ಸೊಪ್ಪು, ಜೋಳದಲ್ಲಿರುವ ಹಳದಿ ಬಣ್ಣ ಚರ್ಮದಲ್ಲಿ ಕರಗದೆ ಉಳಿಯುವಂತೆ ಮಾಡುವ ಗುಣ ಅದು. ಬೂದು ಕಾಡುಕೋಳಿ ಇರುವುದು ಭಾರತದಲ್ಲಿ ಮಾತ್ರ, ಅದರಲ್ಲೂ ಹೆಚ್ಚಾಗಿ ನಮ್ಮ ದಕ್ಷಿಣದಲ್ಲಿ. ಅಂದರೆ ಹೊರಗಿನಿಂದ ಬಂದ ಕೋಳಿ ಎಂದೋ ಒಂದು ಕಾಲದಲ್ಲಿ ಇಲ್ಲಿಯ ಕಾಡಿನ ಹಕ್ಕಿಯ ಜೊತೆ ಕೂಡಿದೆ. ಆ ಹಳದಿ ಕಾಲು ಈಗ ಅಮೆರಿಕದ ಫಾರ್ಮ್ ಕೋಳಿಗೂ ಇದೆ.

ನಮ್ಮ ಕರಾವಳಿಯ ಮುಸ್ಲಿಂ ಮನೆಯಲ್ಲಿ ಕೋಳಿ ಊಟದ ಬಗ್ಗೆ ಹಳೆಯ ದಾಖಲೆ ಬೇಕೆಂದರೆ ಇಬ್ನ್ ಬತೂತಾ ಇದ್ದಾನೆ. 1340ರ ದಶಕದಲ್ಲಿ ಆತ ಹಿನಾವ್ರ್ ಅಂದರೆ ಇಂದಿನ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ಬರೆದಿಟ್ಟಿದ್ದಾನೆ. ಮೊದಲು ಒಂದು ಸೌಟು ಅನ್ನ, ಮೇಲೆ ತುಪ್ಪ, ಬದಿಗೆ ಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಅದಾದ ಮೇಲೆ ಮತ್ತೊಂದು ಸೌಟು ಅನ್ನಕ್ಕೆ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ. ಕೋಳಿಯ ಬಗೆಗಳು ಮುಗಿದ ಮೇಲೆ ಮೀನು, ತರಕಾರಿ, ಕೊನೆಗೆ ಮಜ್ಜಿಗೆ. ಓದಿದರೆ ನಮ್ಮ ಮನೆಯ ಅಳಿಯನ ಸತ್ಕಾರದಂತೆಯೇ ಇದೆ. ಬಡಿಸಿದವಳು ಹೆಣ್ಣು ಎಂದು ಆತ ಬರೆದ. ಕೋಳಿ ಸಾಕಿದವರು ಯಾರೆಂದು ಬರೆಯಲಿಲ್ಲ. ಸುಲ್ತಾನನ ಊಟವೇ ಹಾಗೆ ಎಂದ ಮೇಲೆ ನಮ್ಮಂಥವರ ಹಿತ್ತಿಲನ್ನು ಯಾರು ಬರೆಯುತ್ತಾರೆ?

ಅಜ್ಜಿಯ ಕ್ರಮ

ನನ್ನ ಅಜ್ಜಿ ತೀರಿಕೊಂಡದ್ದು 2009ರಲ್ಲಿ. ಓದು ಬರಹ ಇರಲಿಲ್ಲ, ಕುರ್‌ಆನ್ ಓದುತ್ತಿದ್ದರು. ಕೋಳಿಯ ವಿಷಯದಲ್ಲಿ ಅವರಿಗೆ ಇದ್ದ ಕ್ರಮಗಳನ್ನು ಆಗ ನಾನು ಮುದುಕರ ಗೊಣಗಾಟ ಎಂದುಕೊಂಡಿದ್ದೆ. ಈಗ ನೆನಪಾದಷ್ಟನ್ನು ಉಮ್ಮನಲ್ಲಿ ಕೇಳಿ ಸರಿ ಮಾಡಿಕೊಂಡು ಬರೆಯುತ್ತಿದ್ದೇನೆ.

ಗೂಡು ಕೆಂಪುಕಲ್ಲಿನದು, ಬಾಗಿಲು ಹಲಗೆಯದು. ಮಗ್ರಿಬ್ ಬಾಂಗಿಗೆ ಮೊದಲು ಎಣಿಸಿ ಮುಚ್ಚಬೇಕು. ಬೆಳಿಗ್ಗೆ ಬಿಡುವಾಗ ಒಂದೊಂದು ಹೇಂಟೆಯನ್ನೂ ಹಿಡಿದು ಬೆರಳಿನಿಂದ ಹಿಂಬದಿ ಮುಟ್ಟಿ ನೋಡುತ್ತಿದ್ದರು. ಮೊಟ್ಟೆ ಇದ್ದರೆ ಅದನ್ನು ಬುಟ್ಟಿಯಡಿ ಹಾಕುವುದು, ಇಲ್ಲದಿದ್ದರೆ ಬಿಡುವುದು. ಹಾಗಾಗಿ ನಮ್ಮ ಕೋಳಿ ಪಕ್ಕದ ಮನೆಯ ಸೌದೆರಾಶಿಯಲ್ಲಿ ಮೊಟ್ಟೆ ಇಟ್ಟು ಬಂತು ಎಂಬ ಜಗಳ ನಮ್ಮಲ್ಲಿ ಇರಲಿಲ್ಲ.

ಕಾವಿಗೆ ಕೂರಿಸುವುದಕ್ಕೆ ಎಲ್ಲ ಹೇಂಟೆ ಆಗುವುದಿಲ್ಲ. ಹೋದ ಸಲ ಮೊಟ್ಟೆ ಒಡೆದದ್ದು, ಮರಿ ಬಿಟ್ಟು ಓಡಿದ್ದು, ಹದ್ದು ಬಂದಾಗ ತಾನೇ ಮೊದಲು ಬಚ್ಚಿಟ್ಟುಕೊಂಡದ್ದು ಸಾರಿಗೆ ಹೋಗುತ್ತಿತ್ತು. ಹದ್ದಿನ ಮೇಲೆ ಹಾರಿ ಬಿದ್ದದ್ದನ್ನು ಎಷ್ಟು ಮುದಿಯಾದರೂ ಕೊಯ್ಯುತ್ತಿರಲಿಲ್ಲ. ಮೊಟ್ಟೆ ಹತ್ತು ದಿನಕ್ಕಿಂತ ಹಳೆಯದಾಗಬಾರದು. ತೀರ ದೊಡ್ಡದು, ತೀರ ಸಣ್ಣದು, ಸಿಪ್ಪೆ ಸೊಟ್ಟಗಿರುವುದು ಅಡುಗೆಗೆ. ಬುಟ್ಟಿಗೆ ಹೊಯ್ಗೆ, ಒಣಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಕಬ್ಬಿಣದ ಮೊಳೆ. ಗುಡುಗಿಗೆ ಮೊಳೆ ಏನು ಮಾಡುತ್ತದೋ ಗೊತ್ತಿಲ್ಲ, ಉಳಿದದ್ದೆಲ್ಲ ಇಂದಿನ ಕೈಪಿಡಿಗಳಲ್ಲಿಯೂ ಹಾಗೆಯೇ ಇದೆ. ಆಟಿ ತಿಂಗಳ ಮಳೆಯಲ್ಲಿ ಕೂರಿಸುತ್ತಿರಲಿಲ್ಲ. ಮಳೆ ನಿಂತು ಗದ್ದೆ ಕೊಯ್ದ ಮೇಲೆ ಕೂರಿಸಿದರೆ ಮರಿಗಳಿಗೆ ಉದುರಿದ ಭತ್ತ, ಹುಳು, ಗೆದ್ದಲು ಎಲ್ಲ ಸಿಗುತ್ತಿತ್ತು.

ಹುಂಜದ ವಿಷಯದಲ್ಲಿ ಅಜ್ಜಿ ಇನ್ನೂ ಕಟ್ಟುನಿಟ್ಟು. ಒಂದೇ ಹುಂಜ ಎರಡು ವರ್ಷಕ್ಕಿಂತ ಹೆಚ್ಚು ಇರಬಾರದು. ತನ್ನದೇ ಮರಿಗಳ ಮೇಲೆ ಹತ್ತಿದರೆ ಸಂತಾನ ಬಡವಾಗುತ್ತದೆ ಎಂದು ದೂರದ ಮನೆಯ ಹುಂಜದ ಜೊತೆ ಬದಲಾಯಿಸುತ್ತಿದ್ದರು. ನೆರೆಯ ತುಳು ಮನೆಯವರು ಕೋಳಿ ಅಂಕಕ್ಕಾಗಿ ಹುಂಜವನ್ನು ಬಣ್ಣದಲ್ಲಿ ಗುರುತಿಸುತ್ತಿದ್ದರು: ಬಿಳಿಯದು ಬೊಳ್ಳೆ, ಕಪ್ಪು ಕಕ್ಕೆ, ಕೆಂಪು ಕೆಮ್ಮೈರೆ. ನಮ್ಮಲ್ಲಿ ಅಂಕ ಇಲ್ಲ, ಆದರೆ ಅಜ್ಜಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಬಣ್ಣ ಹೇಳಲು ಬಂದರೆ ಹುಂಜಕ್ಕೆ ಒಳ್ಳೆಯ ಬೆಲೆ ಹೇಳಲು ಬರುತ್ತದಲ್ಲ!

ಮಾಂಸಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಹುಂಜಗಳು, ಮೊಟ್ಟೆ ನಿಂತ ಹೇಂಟೆಗಳು. ಅಳಿಯ ಬಂದಾಗ, ಪೆರ್ನಾಲಿಗೆ, ಬಾಣಂತಿಗೆ. ಕೊಯ್ಯಿಸಲು ಮಸೀದಿಯ ಮುಕ್ರಿಯವರ ಬಳಿ ಹೋಗುವುದು ನಮ್ಮಂಥ ಹುಡುಗರ ಕೆಲಸ. ಕಾಲು ಕಟ್ಟಿದ ಹುಂಜವನ್ನು ಸೈಕಲ್ ಹ್ಯಾಂಡಲಿಗೆ ತೂಗುಹಾಕಿಕೊಂಡು ಹೋದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆದರೆ ಯಾವ ಕೋಳಿ ಹೋಗಬೇಕು ಎಂದು ತೀರ್ಮಾನಿಸುವವರು ಅಜ್ಜಿಯೇ. ಅಜ್ಜನಿಗೂ ಅಲ್ಲಿ ಮಾತಿಲ್ಲ.

ಡಿಪ್ಲೊಮಾದವನ ಲೆಕ್ಕ

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಕೋಳಿಯನ್ನು ಯಂತ್ರದಂತೆ ನೋಡಿ ಲೆಕ್ಕ ಹಾಕುವ ಚಟ ನನಗಿದೆ. ಊರಿನ ಹೇಂಟೆ ಒಂದು ಸರದಿಯಲ್ಲಿ ಸುಮಾರು 14 ಮೊಟ್ಟೆ ಇಡುತ್ತದೆ, ಅದಕ್ಕೆ ಮೂರು ವಾರ ಹಿಡಿಯುತ್ತದೆ. ಕಾವು 21 ದಿನ. ಮರಿಗಳ ಜೊತೆ ಸುಮಾರು 60 ದಿನ. ಒಟ್ಟು 100 ದಿನ. ವರ್ಷಕ್ಕೆ ಮೂರೂವರೆ ಸುತ್ತು, ಅಂದರೆ 50 ಮೊಟ್ಟೆ. ಕಾವು ಬಿಡಿಸಿ ಮೊಟ್ಟೆ ತೆಗೆಯುತ್ತ ಹೋದರೆ ಇನ್ನಷ್ಟು. ಫಾರ್ಮಿನ ಬಿಳಿ ಕೋಳಿ ವರ್ಷಕ್ಕೆ 300 ದಾಟುತ್ತದೆ. ಕಾಗದದ ಮೇಲೆ ನೋಡಿದರೆ ಅಜ್ಜಿಯ ಕೋಳಿ ದಂಡ.

ಆದರೆ ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಫಾರ್ಮಿನ ಕೋಳಿಯಿಂದ ಕಾವು ಕೂರುವ ಗುಣವನ್ನೇ ಆರಿಸಿ ಆರಿಸಿ ತೆಗೆದಿದ್ದಾರೆ, ಏಕೆಂದರೆ ಕಾವು ಕೂತ ದಿನ ಮೊಟ್ಟೆ ಇಲ್ಲ. ಅದರ ಮೊಟ್ಟೆ ಕಾಲ ಮುಗಿದರೆ ಹೊಸ ಕೋಳಿಯನ್ನು ಹ್ಯಾಚರಿಯಿಂದಲೇ ಕೊಳ್ಳಬೇಕು. ಊರಿನ ಹೇಂಟೆ ಆ 100 ದಿನದಲ್ಲಿ ತನ್ನ ಬದಲಿಯನ್ನು ತಾನೇ ತಯಾರಿಸಿ, ಮೇಯಲು ಕಲಿಸಿ, ಹದ್ದಿನಿಂದ ತಪ್ಪಿಸಿ ಕೊಡುತ್ತದೆ. ತನ್ನ ಬದಲಿಯನ್ನು ತಾನೇ ಮಾಡುವ ಯಂತ್ರವನ್ನು ನಾನು ಯಾವ ವರ್ಕ್‌ಶಾಪಿನಲ್ಲೂ ಕಂಡಿಲ್ಲ. ಮೇವಿಗೆ ತೌಡು, ನುಚ್ಚಕ್ಕಿ, ಉಳಿದ ಅನ್ನ. ಉಳಿದದ್ದು ಹಿತ್ತಿಲಿನದು. ಕೈಯಲ್ಲಿ ರೊಕ್ಕವೇ ಇಲ್ಲದ ಹೆಂಗಸು ನಡೆಸಬಹುದಾದ ವ್ಯಾಪಾರ ಅದು. ಕಡದ ಪುಸ್ತಕದ ಹಿಂಬದಿ ತುಂಬಿದ್ದು ಹೀಗೆ.

ಎರಡು ರಾಜ್ಯಗಳ ಕೋಳಿ

ಈ ಹಿತ್ತಿಲಿಗೆ ದೊಡ್ಡ ಶತ್ರು ಹದ್ದಲ್ಲ, ಮುಂಗುಸಿಯಲ್ಲ, ರೋಗ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಕಂಡ ಒಂದು ಕೋಳಿರೋಗ ಮರುವರ್ಷ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಲ್ಪಟ್ಟಿತು. ಹೊರಗೆ ಅದಕ್ಕೆ ನ್ಯೂಕ್ಯಾಸಲ್ ರೋಗ, ಇಲ್ಲಿ ರಾಣಿಖೇತ ರೋಗ. ಕನ್ನಡದಲ್ಲಿ ಕೊಕ್ಕರೆ ರೋಗ, ಮಲಯಾಳದಲ್ಲಿ ಕೋಳಿವಸಂತ. ಕಾಸರಗೋಡಿನ ನಮಗೆ ಎರಡೂ ಹೆಸರು ಗೊತ್ತು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಬದುಕಿದ್ದಕ್ಕೆ ಕುತ್ತಿಗೆ ತಿರುಚುವುದು. ಒಮ್ಮೆ ಬಂದರೆ ಗೂಡು ಖಾಲಿ. ಅದೇ ಕುಮಾವೂಂನ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಇಂದಿಗೂ ದೊಡ್ಡ ಕೋಳಿಗೆ ಚುಚ್ಚುವುದು ಆ ಮುಕ್ತೇಶ್ವರದ ತಳಿಯ ಲಸಿಕೆಯನ್ನೇ.

1956ರ ನವೆಂಬರ್ 1ಕ್ಕೆ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಕೋಳಿಗೆ ಗಡಿ ಇಲ್ಲ, ಆದರೆ ಕೋಳಿ ಯೋಜನೆಗಳಿಗೆ ಇದೆ. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ಕೋಳಿಯನ್ನು ಬಿಟ್ಟಿತು. ಬಣ್ಣಬಣ್ಣದ, ಊರಿನ ಕೋಳಿಯ ಎರಡರಷ್ಟು ತೂಗುವ ಕೋಳಿ. ಮಂಗಳೂರಿಗೆ ಹೋದವರು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ತಂದರು. ಆ ಕಡೆ ತ್ರಿಶೂರಿನ ಮಣ್ಣುತ್ತಿಯಿಂದ ಗ್ರಾಮಲಕ್ಷ್ಮಿ, ಗ್ರಾಮಶ್ರೀ ಬಂದವು. 1998ರಲ್ಲಿ ಕುಟುಂಬಶ್ರೀ ಶುರುವಾದ ಮೇಲೆ ಹೆಂಗಸರ ಗುಂಪುಗಳಿಗೂ ಮರಿಗಳು ಸಿಕ್ಕವು. ನಮ್ಮ ಹಿತ್ತಿಲಲ್ಲಿ ಎರಡು ರಾಜ್ಯಗಳ ಕೋಳಿ ಒಟ್ಟಿಗೆ ಮೇಯುತ್ತಿದ್ದವು. ಉಮ್ಮನಿಗೆ ಕೊಟ್ಟ ಸೂಚನಾ ಪತ್ರ ಮಲಯಾಳದಲ್ಲಿತ್ತು. ಉಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಲಸಿಕೆಯ ದಿನಾಂಕ ಇರುವ ಆ ಕಾಗದದಲ್ಲಿ ಬಹಳ ದಿನ ಒಣಮೆಣಸು ಕಟ್ಟಿಟ್ಟಿದ್ದರು.

ಈ ಕೋಳಿಗಳು ಕೆಟ್ಟವು ಎಂದು ನಾನು ಹೇಳುವುದಿಲ್ಲ. ಮೊಟ್ಟೆ ಹೆಚ್ಚು, ಮಾಂಸ ಹೆಚ್ಚು. ಆದರೆ ಅವು ಕಾವು ಕೂರುವುದು ಅಪರೂಪ. ಅವುಗಳ ಹುಂಜ ಊರಿನ ಹೇಂಟೆಗೆ ಹತ್ತಿ ಹುಟ್ಟಿದ ಮರಿಗಳಲ್ಲಿಯೂ ಕಾವಿನ ಗುಣ ಕಡಿಮೆಯಾಗುತ್ತ ಬಂತು. ಕೋಯಿಕ್ಕೋಡ್, ಕಣ್ಣೂರಿನ ಕಡೆಯ ಕಪ್ಪು ಮೈಯ, ನೀಲಿ ಹೊಳಪಿನ ತಲಶ್ಶೇರಿ ಕೋಳಿಯನ್ನು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ ದೇಶೀ ತಳಿ ಎಂದು ಪಟ್ಟಿ ಮಾಡಿದೆ. ನಮ್ಮ ಊರಿನ ಕೋಳಿಗೆ ಅಂಥ ಹೆಸರಿಲ್ಲ. ಹೆಸರಿಲ್ಲದ್ದು ಹೋದರೆ ಹೋಯಿತೆಂದು ಬರೆದಿಡುವವರೂ ಇಲ್ಲ.

ಇನ್ನು ಮೊಟ್ಟೆ. ತಮಿಳುನಾಡಿನ ನಾಮಕ್ಕಲ್ಲಿನಿಂದ ಲಾರಿಗಳಲ್ಲಿ 30ರ ಟ್ರೇಗಳು ಬರತೊಡಗಿದವು. 1982ರಲ್ಲಿ ಶುರುವಾದ ಮೊಟ್ಟೆ ಸಮನ್ವಯ ಸಮಿತಿ ದರವನ್ನು ಗೊತ್ತುಮಾಡಿ ಪ್ರಕಟಿಸುತ್ತಿತ್ತು, ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಕಡದ ಪುಸ್ತಕದ ಹಿಂಬದಿಯಲ್ಲಿ ತತ್ತಿಯ ಲೆಕ್ಕ ತೆಳ್ಳಗಾಗುತ್ತ ಬಂದು 1996ಕ್ಕೆ ನಿಂತಿದೆ. ಏಕೆ ನಿಂತಿತು ಎಂದು ಉಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ನಾನೇ ನಿಲ್ಲಿಸಿದ್ದು. ಒಬ್ಬೊಬ್ಬರು ಮೂರು ತರುವುದು, ನಾಲ್ಕು ತರುವುದು, ಅದರಲ್ಲೊಂದು ಕೊಳೆತದ್ದು. ಟ್ರೇ ಆದರೆ ಎಲ್ಲ ಒಂದೇ ಸಮ, ದಿನಾ ಸಿಗುತ್ತದೆ. ಇನ್ನು ತತ್ತಿ ತರಬೇಡಿ ಎಂದೆ. ಯಾರೂ ಜಗಳ ಮಾಡಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೇ."

ಗಂಡಸರು ಗಲ್ಫಿಗೆ ಹೋಗಿ ಡ್ರಾಫ್ಟ್ ಕಳಿಸುತ್ತಿದ್ದ ಕಾಲ. ಮನೆಗೆ ರೊಕ್ಕ ಹೆಚ್ಚು ಬಂತು. ಆದರೆ ಕೇಳದೆ ಖರ್ಚು ಮಾಡಬಹುದಾದ ರೊಕ್ಕ ಹೆಂಗಸರ ಕೈಯಲ್ಲಿ ಕಡಿಮೆಯಾಯಿತು. ಬೀಡಿ ಕಟ್ಟುವವರಿಗೆ ಬೀಡಿಯ ರೊಕ್ಕ ಇತ್ತು, ಅದಕ್ಕೊಂದು ಪಾಸ್‌ಬುಕ್ಕೂ ಇತ್ತು. ತತ್ತಿಯ ರೊಕ್ಕಕ್ಕೆ ನಮ್ಮ ಅಂಗಡಿಯ ಹಿಂದಿನ ಪುಟ ಬಿಟ್ಟರೆ ದಾಖಲೆಯೇ ಇಲ್ಲ.

ನನ್ನ ತಪ್ಪು

ನಾನು ಗಲ್ಫಿನಲ್ಲಿ ಐದು ವರ್ಷ ಎಸಿ ರಿಪೇರಿ ಕೆಲಸ ಮಾಡಿ 2019ರಲ್ಲಿ ಊರಿಗೆ ಬಂದೆ. ಮರುವರ್ಷ ಮಾರ್ಚಿನಲ್ಲಿ ಕೋಯಿಕ್ಕೋಡಿನಲ್ಲಿ ಹಕ್ಕಿಜ್ವರ, ಹಿಂದೆಯೇ ಕೊರೊನಾ ಲಾಕ್‌ಡೌನ್. ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯೇ ದೂರವಾದ ಮೇಲೆ ಕೋಳಿ ಮೊಟ್ಟೆಯ ಮಾತೇನು? ಕೆಲಸವಿಲ್ಲದೆ ಕೂತ ನನಗೆ ಕೋಳಿ ಸಾಕುವ ಹುಮ್ಮಸ್ಸು ಬಂತು.

ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಎರಡು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು, ಒಂದು ಥರ್ಮೋಸ್ಟ್ಯಾಟ್ ಇಟ್ಟು ಕಾವುಪೆಟ್ಟಿಗೆ ಮಾಡಿದೆ. ಉಷ್ಣತೆ 37.5 ಡಿಗ್ರಿ, 18ನೆಯ ದಿನದವರೆಗೆ ಮೊಟ್ಟೆ ಮಗುಚುವುದು, ಕೊನೆಯ ಮೂರು ದಿನ ತೇವ ಹೆಚ್ಚಿಸುವುದು. ಮೊದಲ ಸಲ 30 ಮೊಟ್ಟೆಯಲ್ಲಿ 11 ಮರಿ. ತೇವ ಸಾಲದೆ ಉಳಿದವು ಸಿಪ್ಪೆಯೊಳಗೇ ಒಣಗಿದವು. ಮೂರನೆಯ ಸಲಕ್ಕೆ 24 ಬಂತು. ಮೂಲೆಯಲ್ಲಿ ಹುಲ್ಲಿನ ಬುಟ್ಟಿಯಲ್ಲಿ ಕೂತಿದ್ದ ಉಮ್ಮನ ಹಳೆಯ ಹೇಂಟೆ 12ರಲ್ಲಿ 11 ಎಬ್ಬಿಸಿತ್ತು, ಕರೆಂಟಿಲ್ಲದೆ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಗಿರಿರಾಜವನ್ನೂ ಸೇರಿಸಿ 48 ಕೋಳಿ ಮಾಡಿಕೊಂಡೆ.

2021ರ ಪೆರ್ನಾಲಿಗೆ ಮೊದಲು ಮಾಂಸಕ್ಕೆಂದು ಸಂತೆಯ ವ್ಯಾಪಾರಿಯಿಂದ ಆರು ಹುಂಜ ತಂದು ಹಿತ್ತಿಲಿಗೆ ಬಿಟ್ಟೆ. ಹೊರಗಿನ ಕೋಳಿಯನ್ನು 15 ದಿನ ಬೇರೆ ಬುಟ್ಟಿಯಡಿ ಇಡಬೇಕು ಎನ್ನುವುದು ಅಜ್ಜಿಯ ಕ್ರಮ. ಉಮ್ಮ ನೆನಪಿಸಿದರು. ನಾಲ್ಕು ದಿನದಲ್ಲಿ ಕೊಯ್ಯುವ ಕೋಳಿಗೆ ಏಕೆ ಎಂದೆ. ಲಸಿಕೆ ಹಾಕಿದ್ದೇನೆ ಎಂಬ ಧೈರ್ಯವೂ ಇತ್ತು. ಆದರೆ ಆ ಲಸಿಕೆಯ ಬಾಟಲಿಯನ್ನು ನಾನು ಮಧ್ಯಾಹ್ನದ ಬಿಸಿಲಲ್ಲಿ, ಐಸ್ ಇಲ್ಲದೆ, ಬೈಕಿನ ಡಿಕ್ಕಿಯಲ್ಲಿ ತಂದಿದ್ದೆ. ಐದು ವರ್ಷ ತಣ್ಣಗೆ ಇಡುವ ಯಂತ್ರ ರಿಪೇರಿ ಮಾಡಿದವನು!

ಐದನೆಯ ದಿನ ಒಂದು ಹುಂಜ ಬಾಯಿ ತೆರೆದು ಉಸಿರು ಎಳೆಯಿತು. ಎಂಟು ದಿನದಲ್ಲಿ 48ರಲ್ಲಿ 45 ಹೋದವು, ಉಮ್ಮನ ಹಳೆಯ ಹೇಂಟೆಯೂ ಸೇರಿ. ಸುಣ್ಣ ಹಾಕಿ ಗುಂಡಿಯಲ್ಲಿ ಹೂತೆ. ಅಷ್ಟಕ್ಕೇ ನಿಲ್ಲಲಿಲ್ಲ. ಬೇಲಿಯಾಚೆ ಕೆರೆಬದಿಯ ಮಾಮಿಯ ಒಂಬತ್ತು ಹೇಂಟೆಗಳೂ ಹೋದವು. ಮಾಮಿ ಬೈಯಲಿಲ್ಲ. ನಾನು ದುಡ್ಡು ಕೊಡಲು ಹೋದಾಗ ತೆಗೆದುಕೊಳ್ಳಲಿಲ್ಲ. "ಮೋನೆ, ನಿನ್ನದು ಹೋದದ್ದು ಹಣ. ನನ್ನ ಬಿಪಿ ಮಾತ್ರೆಯ ರೊಕ್ಕ ಅದರಲ್ಲಿತ್ತು. ಇನ್ನು ಪ್ರತಿ ತಿಂಗಳು ಮಗನ ಹತ್ತಿರ ಕೇಳಬೇಕು" ಎಂದರು. ಅವರ ಮಗ ಒಳ್ಳೆಯವನೇ, ಕೇಳಿದರೆ ಕೊಡುತ್ತಾನೆ. ಆದರೆ ಕೇಳಬೇಕಲ್ಲ.

ಪಾಲಿನ ಕೋಳಿ

ಆಗ ಉಮ್ಮನಿಗೆ ಒಂದು ವಿಷಯ ನೆನಪಾಯಿತು. ಅಜ್ಜಿ ತನ್ನ ಕೋಳಿಗಳನ್ನೆಲ್ಲ ಒಂದೇ ಗೂಡಿನಲ್ಲಿ ಇಡುತ್ತಿರಲಿಲ್ಲ. ಒಳ್ಳೆಯ ಹೇಂಟೆಯನ್ನು ಇಲ್ಲದವರ ಮನೆಗೆ ಪಾಲಿಗೆ ಕೊಡುತ್ತಿದ್ದರು. ಕರಾರು ಬಾಯಿಮಾತಿನದು: ಹೇಂಟೆ ಕೊಟ್ಟವರದು, ಸಾಕುವುದು ಪಡೆದವರು, ತತ್ತಿ ಸಾಕಿದವರಿಗೆ, ಮರಿಗಳು ದೊಡ್ಡದಾದ ಮೇಲೆ ಅರ್ಧರ್ಧ. ಹೀಗೆ ಕೊಟ್ಟ ಒಂದು ಹೇಂಟೆಯ ಸಂತಾನ ಬಾಯಾರಿನ ಕಡೆ ಒಂದು ಮನೆಯಲ್ಲಿ ಇನ್ನೂ ಇರಬಹುದು ಎಂದರು.

ಅಲ್ಲಿಯವರೆಗೆ ಅದು ಬಡವರಿಗೆ ಮಾಡುವ ಉಪಕಾರ ಎಂದೇ ನಾನು ತಿಳಿದಿದ್ದೆ. ಈಗ ನೋಡಿದರೆ ಅದು ವಿಮೆ. ಕೊಕ್ಕರೆ ಬಂದರೆ ಒಂದು ಹಿತ್ತಿಲು ಪೂರ್ತಿ ಹೋಗುತ್ತದೆ, ಹತ್ತು ಮೈಲಿ ಆಚೆಯ ಹಿತ್ತಿಲು ಉಳಿಯುತ್ತದೆ. ಮಗಳ ಮನೆಗೆ, ತಂಗಿಯ ಮನೆಗೆ, ಕೆಲಸದವಳ ಮನೆಗೆ, ತುಳು ನೆರೆಯವರ ಮನೆಗೆ ಹೋದ ಕೋಳಿಗಳೆಲ್ಲ ಸೇರಿ ಒಂದೇ ಹಿಂಡು. ಹುಂಜ ಬದಲಾಯಿಸುವುದು, ಪಾಲಿಗೆ ಕೊಡುವುದು ಎರಡೂ ಆ ಹಿಂಡನ್ನು ಕಾಯುವ ಉಪಾಯ. ಲಸಿಕೆ ಸಿಗದ ಕಾಲದಲ್ಲಿಯೂ ನಮ್ಮ ಹೆಸರಿಲ್ಲದ ಕೋಳಿ ಉಳಿದದ್ದು ಹೀಗೆ. ಅದನ್ನು ಉಳಿಸಿದವರು ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಿದ್ದ ಹೆಂಗಸರು. ನಾನು ಮಾಡಿದ್ದು ಇದಕ್ಕೆ ಉಲ್ಟಾ. 48 ಕೋಳಿಯನ್ನು ಒಂದೇ ಬೇಲಿಯೊಳಗೆ ತುಂಬಿದೆ.

ಗೂಡಿಗೆ ಸುಣ್ಣ ಬಳಿದು ಮೂರು ತಿಂಗಳು ಖಾಲಿ ಬಿಟ್ಟೆ. ಮಳೆ ಕಳೆದ ಮೇಲೆ ಉಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಾಯಾರಿಗೆ ಹೋದೆ. ಅಲ್ಲಿಯ ವೃದ್ಧೆ ಉಮ್ಮನನ್ನು ಗುರುತಿಸಿ, "ನಿಮ್ಮ ಪಾಲು ಎಷ್ಟು ವರ್ಷದಿಂದ ಬಾಕಿ ಇದೆ" ಎಂದು ನಕ್ಕು ಎರಡು ಹೇಂಟೆ ಹಿಡಿದುಕೊಟ್ಟರು. ಬೂದು ಕಪ್ಪು ಮಿಶ್ರದ್ದು, ಹಳದಿ ಕಾಲು. ಹುಂಜವನ್ನು ಬೇರೆ ಮನೆಯಿಂದ ತಂದೆವು. 15 ದಿನ ಬುಟ್ಟಿಯಡಿ ಇಟ್ಟೆವು. ನವೆಂಬರಿನಲ್ಲಿ ಒಂದು ಹೇಂಟೆ ಕಾವು ಕೂತಿತು. 12ರಲ್ಲಿ 10 ಮರಿ. ಕಾವುಪೆಟ್ಟಿಗೆ ಅಟ್ಟ ಸೇರಿತು.

ಮರಿಗಳು ದೊಡ್ಡದಾದ ಮೇಲೆ ನಾಲ್ಕು ಲಾಕಿಗಳನ್ನು ಮಾಮಿಯ ಮನೆಗೆ ಒಯ್ದೆ. ಬೇಡ ಎಂದರು. "ಪಾಲಿಗಾದರೆ ಇಟ್ಟು ಹೋಗು" ಎಂದರು. ಇಟ್ಟು ಬಂದೆ.

ಲಸಿಕೆಯಲ್ಲಿಯೂ ಇದೇ ಪಾಠ. ಬಾಟಲಿಗಳು 100 ಕೋಳಿ, 200 ಕೋಳಿಯ ಲೆಕ್ಕದಲ್ಲಿ ಬರುತ್ತವೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಗೆ ಅದು ದಂಡ, ಅದಕ್ಕೇ ಯಾರೂ ಹಾಕಿಸುವುದಿಲ್ಲ. ಈಗ ನಮ್ಮ ದಾರಿಯ 11 ಮನೆಯವರು ಒಂದೇ ಬೆಳಿಗ್ಗೆ ಸೇರುತ್ತೇವೆ. ಬಾಟಲಿ ಬರುವುದು ಉಪ್ಪನ ಚಹಾ ಫ್ಲಾಸ್ಕಿನಲ್ಲಿ, ಐಸಿನ ನಡುವೆ. ಮರಿಗಳಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರವಾದ ಮೇಲೆ ರೆಕ್ಕೆಯಡಿ ಚುಚ್ಚುಮದ್ದು. ಯಾವ ಮನೆಯಲ್ಲಿ ಎಷ್ಟು ಮರಿ, ಯಾರದ್ದಕ್ಕೆ ಆಯಿತು, ಯಾರದ್ದಕ್ಕೆ ಬಾಕಿ ಎಂದು ಉಮ್ಮ ಕನ್ನಡದಲ್ಲಿ ಬರೆದಿಡುತ್ತಾರೆ.

ಈ ಬರಹ ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ 60 ದಾಟಿದ ಹೆಂಗಸರಿದ್ದರೆ ಕೋಳಿಯ ಬಗ್ಗೆ ಕೇಳಿ. ಯಾರಿಗೆ ಪಾಲಿಗೆ ಕೊಟ್ಟಿದ್ದರು, ಹುಂಜ ಎಲ್ಲಿಂದ ತಂದಿದ್ದರು, ಆ ರೊಕ್ಕದಲ್ಲಿ ಏನು ಕೊಂಡರು ಎಂದು ಬರೆದಿಡಿ. ನನ್ನ ಉಮ್ಮನ ಮೊದಲ ಕಿವಿಯೋಲೆ ತತ್ತಿಯ ರೊಕ್ಕದ್ದು ಎಂದು ನನಗೆ ಗೊತ್ತಾದದ್ದೇ ಹೋದ ವರ್ಷ.

ಉಪ್ಪನಿಗೆ ಈಗ 70 ಹತ್ತಿರ. ಊರಿನ ತತ್ತಿಗೆ ಈಗ ಟ್ರೇ ಮೊಟ್ಟೆಗಿಂತ ಹೆಚ್ಚು ಬೆಲೆ, ಕೇಳಿಕೊಂಡು ಬರುವವರಿದ್ದಾರೆ. ಮೊನ್ನೆ ಮಾಮಿ ಏಳು ತತ್ತಿ ತಂದು ಅಂಗಡಿಯ ಮೇಜಿನ ಮೇಲಿಟ್ಟರು. ಉಪ್ಪ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕಡದ ಪುಸ್ತಕ ತೆಗೆದು, ತಲೆಕೆಳಗೆ ಮಾಡಿ, ಹಿಂಬದಿಯ ಮೊದಲ ಪುಟದಲ್ಲಿ ಬರೆದರು: ಕೆರೆಬದಿ. ತತ್ತಿ 7 ಜಮೆ.